ಕೆಂಪು ಚುಕ್ಕಿ ಇಟ್ಟವರು ಅಂದೇ ಹೇಳಬೇಕು

ನೊಣ ಸಾಕುವವರು ಮೊದಲು ಕಲಿಯುವುದು ಕೊಲ್ಲುವುದನ್ನು. ನಮ್ಮ ಜೀವಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಪ್ರತಿ ಮೇಜಿನ ಮೇಲೂ ಅರ್ಧದವರೆಗೆ ಸ್ಪಿರಿಟ್ ತುಂಬಿದ ಒಂದು ಬಾಟಲಿ ಇರುತ್ತಿತ್ತು. ಎಣಿಸಿ ಮುಗಿದ ನೊಣಗಳನ್ನು ಅದರೊಳಗೆ ತಟ್ಟಿ ಉದುರಿಸುವುದು. ಕೊಳೆತ ಬಾಳೆಹಣ್ಣಿನ ಸುತ್ತ ಹಾರುವ ಸಾಸಿವೆ ಗಾತ್ರದ ನೊಣ. ಅದಕ್ಕಾಗಿ ಯಾರು ಅಳುತ್ತಾರೆ? ತಳದಲ್ಲಿ ಕರೀ ಕೆಸರು ಕಟ್ಟಿದಾಗ ಬಾಟಲಿ ಬದಲಿಸುತ್ತಿದ್ದೆವು. ಆರು ವರ್ಷ ನಾನು ಆ ಬಾಟಲಿಯ ಪಕ್ಕದಲ್ಲೇ ಡಬ್ಬಿ ಬಿಚ್ಚಿ ರೊಟ್ಟಿ ತಿಂದಿದ್ದೇನೆ. ಒಂದು ದಿನವೂ ಊಟ ಸೇರದೆ ಇರಲಿಲ್ಲ.

ನಾನು ಸನತ್‌ನಗರದವಳು. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಮೂಲ ವಿಜಯಪುರದ ಕಡೆ. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ತೆಲುಗು, ಪ್ರಯೋಗಾಲಯದಲ್ಲಿ ಇಂಗ್ಲಿಷು. ನನ್ನ ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿ ಅವನು ಬಂದು ಸೇರಿದ. ಯಾದಗಿರಿ ಕಡೆಯವನು. ತಂದೆ ತಾಯಿ ಕಟ್ಟಡದ ಕೆಲಸಕ್ಕೆಂದು ಬಂದು ಕಾಚಿಗೂಡದಲ್ಲೇ ನಿಂತವರು. ಅಲ್ಲಿಂದ ಲೋಕಲ್ ರೈಲು ಹಿಡಿದು, ಲಿಂಗಂಪಲ್ಲಿಯಲ್ಲಿ ಇಳಿದು, ದಿನಾ ನಮ್ಮೆಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಿದ್ದ. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದು ಕೇಳಿ, "ಅಕ್ಕಾರ, ನೀವೂ ನಮ್ಮ ಕಡೆಯವರ ಏನ್ರಿ?" ಎಂದು ಮುಖ ಅರಳಿಸಿದ. ಅವತ್ತಿನಿಂದ ನನ್ನ ರೊಟ್ಟಿಯಲ್ಲಿ ಅವನಿಗೂ ಪಾಲು. ಅಮ್ಮ ಅವನಿಗೆಂದೇ ಎರಡು ಹೆಚ್ಚು ಬಡಿಯುತ್ತಿದ್ದಳು.

ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವನು ಬಂದ ನಾಲ್ಕೇ ತಿಂಗಳಿಗೆ. ಗೈಡ್ ಎಲ್ಲರೆದುರು ನನ್ನ ಕಡೆ ತಿರುಗಿ, "ಏಮ್ಮಾ, ಈ ಹುಡುಗ ಈಗ ಕೇಳಿದ ಪ್ರಶ್ನೆ ನಿನಗೆ ನಾಲ್ಕು ವರ್ಷದಲ್ಲಿ ಯಾಕೆ ಹೊಳೆಯಲಿಲ್ಲ?" ಎಂದರು. ನಮ್ಮಿಬ್ಬರ ಕೆಲಸವೂ ಒಂದೇ ದಾರಿಯದು: ನೊಣಕ್ಕೆ ಒಂದು ವಾಸನೆ ಕಲಿಸುವುದು, ಎಷ್ಟು ಹೊತ್ತಿಗೆ ಮರೆಯುತ್ತದೆ ನೋಡುವುದು. ಬೇಗ ಮರೆಯುವ ಹೊಸ ತಳಿಯೊಂದನ್ನು ಅವನು ಕಟ್ಟಲು ಹೊರಟಿದ್ದ. ಅದು ಸಿಕ್ಕರೆ ನನ್ನ ನಾಲ್ಕು ವರ್ಷ ಅವನ ಕೆಲಸಕ್ಕೆ ಪೀಠಿಕೆಯಾಗುತ್ತಿತ್ತು, ಅಷ್ಟೇ. ಮೆಚ್ಚುವುದು ಬಿಟ್ಟು ನಾನು ಒಳಗೇ ಕುದ್ದೆ.

ತಳಿ ಕಟ್ಟುವಾಗ ಒಂದು ಮಡಿ ಇದೆ. ಕೋಶದ ಪೊರೆ ಒಡೆದು ಹೊರಬಂದ ಹೆಣ್ಣುಗಳನ್ನು ಗಂಡಿನ ಸಂಗವಾಗುವ ಮೊದಲು, ಎಂಟು ಗಂಟೆಯೊಳಗೆ ಬೇರೆ ಮಾಡಬೇಕು. ತಡವಾಗಿ ಆರಿಸಿದ ಒಂದೇ ಒಂದು ಹೆಣ್ಣು ಸಾಕು, ತಳಿ ಕೆಟ್ಟಿತೆಂದೇ ಲೆಕ್ಕ. ಅವನಿಗೆ ಒಂದು ಬೆಳಿಗ್ಗೆ ರೈಲು ತಡವಾಯಿತು. ಓಡೋಡಿ ಬಂದು ಆರಿಸಿದ. ಶುದ್ಧ ತಳಿಯ ಬೆನ್ನಿನ ಕೂದಲಿನ ತುದಿ ಕವಲೊಡೆದಿರಬೇಕು, ಕಲಬೆರಕೆಯದು ನೆಟ್ಟಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದನ್ನೇ ಹುಡುಕಿ ನೋಡಿದರೆ ಮಾತ್ರ ಕಾಣುವ ವ್ಯತ್ಯಾಸ. ಹೊಸಬನಿಗೆ ಕಾಣಲಿಲ್ಲ.

ನನಗೆ ಕಂಡಿತು. ಪ್ರತಿ ತಳಿಯ ಕೆಲವು ಹೆಚ್ಚುವರಿ ಶೀಶೆಗಳನ್ನು ಒಂದು ಟ್ರೇಯಲ್ಲಿ ತಣ್ಣನೆಯ ಪೆಟ್ಟಿಗೆಯೊಳಗೆ ಇಡುತ್ತಿದ್ದೆವು. ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸುವುದು ಹಿರಿಯಳಾದ ನನ್ನ ಪಾಳಿ; ಬೇರೆಯವರು ಆ ಪೆಟ್ಟಿಗೆ ತೆರೆಯುತ್ತಿದ್ದುದೇ ಅಪರೂಪ. ನಿಯಮ ಬಾಗಿಲ ಮೇಲೇ ಅಂಟಿಸಿತ್ತು: ಅನುಮಾನ ಬಂದರೆ ಟ್ರೇಗೆ ಕಟ್ಟಿದ ಚೀಟಿಯ ಮೇಲೆ ಕೆಂಪು ಚುಕ್ಕಿ ಇಟ್ಟು, ತಾರೀಖು ಬರೆದು, ತಳಿಯವರಿಗೆ ಅಂದೇ ಹೇಳಬೇಕು. ಅವನ ಶೀಶೆಯಲ್ಲಿ ಐದು ನೊಣಗಳ ಕೂದಲು ನೆಟ್ಟಗಿತ್ತು. ಕೈ ತನ್ನ ಅಭ್ಯಾಸಕ್ಕೆ ಚುಕ್ಕಿ ಇಟ್ಟಿತು, ತಾರೀಖು ಬರೆಯಿತು. ಬಾಯಿ ಮಾತ್ರ ಏಳಲಿಲ್ಲ. ಮಧ್ಯಾಹ್ನ ಅವನು ಎದುರಿಗೆ ಕೂತು, "ಅಕ್ಕಾರ, ಅವ್ವಾರಿಗೆ ಹೇಳ್ರಿ, ಶೇಂಗಾ ಹಿಂಡಿ ಭಾಳ ಮಸ್ತ್ ಆಗೇತಿ," ಎಂದ. ನಾನು ಇನ್ನೊಂದು ರೊಟ್ಟಿ ನೀಡಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಒಂದು ವಾರವಾದ ಮೇಲೆ ಆ ಸುಳ್ಳನ್ನೂ ಹೇಳಿಕೊಳ್ಳುವುದು ಬಿಟ್ಟೆ.

ಹನ್ನೊಂದು ತಿಂಗಳು ಅವನು ಆ ಕಲಬೆರಕೆ ನೊಣಗಳಿಗೆ ವಾಸನೆ ಕಲಿಸಿದ. ಅಂಕಿಗಳು ಒಮ್ಮೆ ಹಾಗೆ ಒಮ್ಮೆ ಹೀಗೆ ಬರುತ್ತಿದ್ದವು. "ನನ್ನ ಕೈಯಾಗs ಏನೋ ದೋಷ ಐತ್ರಿ ಅಕ್ಕಾರ," ಎಂದು ಮತ್ತೆ ಮೊದಲಿನಿಂದ ಮಾಡುತ್ತಿದ್ದ. "ಮಾಡಪಾ, ಮಾಡಕೋತ ಹೋದ್ರ ಕೈ ಕೂಡತೈತಿ," ಎಂದು ನಾನೇ ಹುರಿದುಂಬಿಸಿದ್ದೇನೆ. ಥೂ ನನ್ನ ಜನ್ಮಕ್ಕೆ!

ಎರಡು ವರ್ಷವಾದ ಮೇಲೆ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ಒಪ್ಪಿದರೆ ಫೆಲೋಶಿಪ್ ಮುಂದುವರಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅದರ ಹಿಂದಿನ ಶನಿವಾರ ನಮ್ಮಲ್ಲೇ ತಾಲೀಮು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮಾತು ಮುಗಿಸಿ, ಪ್ರಶ್ನೆಗಳಿವೆಯೇ ಎಂದು ನಮ್ಮತ್ತ ನೋಡಿದ. ನಾನು ಇಂಗ್ಲಿಷಿನಲ್ಲಿ, ಭಾರಿ ಮರ್ಯಾದೆಯಿಂದ, "ಈ ತಳಿಯ ಬೆನ್ನಿನ ಕೂದಲನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದೀರಿ?" ಎಂದೆ. ಅವನು ತನ್ನ ವಹಿಯ ಹಾಳೆ ತಿರುವತೊಡಗಿದ. ಗೈಡ್ ಅಲ್ಲಿಗೇ ಶೀಶೆ ತರಿಸಿ, ತಾವೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಶೀಶೆಯಲ್ಲಿದ್ದುದನ್ನೆಲ್ಲ ಸ್ಪಿರಿಟ್ ಬಾಟಲಿಗೆ ತಟ್ಟಿ, "ಇವು ಬೀದಿ ನೊಣ. ಒಂದು ವರ್ಷ ಬೀದಿ ನೊಣಕ್ಕೆ ಪಾಠ ಹೇಳಿದ್ದೀಯಾ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಣ್ಣನೆಯ ಪೆಟ್ಟಿಗೆಯಲ್ಲಿ ಶುದ್ಧ ತಳಿ ಉಳಿದಿರಬಹುದು ಎಂಬ ಆಸೆಯಿಂದ ಅವನು ಅಲ್ಲಿಗೆ ಓಡಿದ. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು, ಡಬ್ಬಿಯ ಪಕ್ಕ ಆ ಚೀಟಿ ಇಟ್ಟ.

"ಅಕ್ಕಾರ, ಇದು ನಿಮ್ಮ ಅಕ್ಷರ ಹೌದಲ್ರಿ?"

"ಹೌದು."

"ಹನ್ನೊಂದ ತಿಂಗಳ ಹಿಂದಿನ ತಾರೀಖ ಐತ್ರಿ."

ನಾನು ರೊಟ್ಟಿ ಮುರಿಯುತ್ತಿದ್ದೆ. ಮರೆತೆ ಎಂದಿದ್ದರೆ ಅವನು ನಂಬುತ್ತಿದ್ದ, ಅಷ್ಟು ಸಾದಾ ಹುಡುಗ. "ನಿನ್ನ ಹುಳಾ ನೀ ನೋಡ್ಕೋಬೇಕಾಗಿತ್ತು," ಎಂದೆ. ಅವನು ಚೀಟಿ ತೆಗೆದುಕೊಂಡು ನೇರ ಗೈಡ್ ಕೋಣೆಗೆ ಹೋದ. ನಾನು ಹೆದರಿದೆ. ಅವನಿಗಾಗಿ ಅಲ್ಲ, ನನಗಾಗಿ.

ಹೆದರುವ ಕಾರಣವೇ ಇರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಹೊರಬಂದ ಮೇಲೆ ಗೈಡ್ ನನ್ನನ್ನು ಕರೆದರು. ಚೀಟಿಯನ್ನು ನನ್ನತ್ತ ತಳ್ಳಿ, "ಇನ್ನು ಮುಂದೆ ಹೇಳುವ ಮನಸ್ಸಿಲ್ಲದಿದ್ದರೆ ಚುಕ್ಕಿ ಇಡಬೇಡ," ಎಂದು ನಕ್ಕರು. ತಳಿಯವನೇ ತಳಿ ಕಾಯಬೇಕು, ಅವನನ್ನು ಮುಂದುವರಿಸುವುದಿಲ್ಲ ಎಂದರು. ಅವನ ತಳಿಯನ್ನು ಮತ್ತೆ ಕಟ್ಟಿ ಕೆಲಸ ಮುಗಿಸಲು ನನಗೇ ಹೇಳಿದರು. "ಆಗಲಿ ಸರ್," ಎಂದೆ. ಹೊರಗೆ ಬಂದು ಉಳಿದ ರೊಟ್ಟಿ ತಿಂದೆ.

ಕೆಲವು ವಾರ ಕಳೆದವು. ನಾನು ತಳಿ ಕಟ್ಟುತ್ತಿದ್ದೆ, ಅವನು ಕಾಗದಪತ್ರ ಮುಗಿಯುವವರೆಗೆ ಪಾಳಿಯ ಕೆಲಸ ಮಾಡುತ್ತಿದ್ದ. ಕೊನೆಯ ದಿನ ನನ್ನ ನೊಣಗಳನ್ನು ಹೊಸ ಶೀಶೆಗೆ ದಾಟಿಸುವ ಪಾಳಿ ಅವನದೇ ಆಗಿತ್ತು. ಬದಲಿಸೋಣವೆಂದರೆ ಕಾರಣ ಹೇಳಬೇಕಾಗುತ್ತಿತ್ತು, ಹಾಗೇ ಬಿಟ್ಟೆ. ಸಂಜೆ ಮನೆಯಲ್ಲಿದ್ದಾಗ ಅವನ ಫೋನ್ ಬಂತು. ಹಿಂದಿನಿಂದ ರೈಲಿನ ಅನೌನ್ಸ್‌ಮೆಂಟು ಕೇಳುತ್ತಿತ್ತು.

"ಅಕ್ಕಾರ, ಕಾಚಿಗೂಡ ಸ್ಟೇಷನ್ದಾಗ ಅದೀನ್ರಿ, ಊರಿಗೆ ಹೊಂಟೀನಿ. ನಿಮ್ಮ ಮೂರನೇ ಟ್ರೇದಾಗ ನೆಟ್ಟನ ಕೂದಲಿನ ಹುಳಾ ಎರಡು ಕಂಡ್ವು. ಚುಕ್ಕಿ ಇಟ್ಟೀನ್ರಿ. ಇವತ್ತs ಹೇಳಬೇಕಲ್ರಿ, ಅದಕ್ಕ ಫೋನ್ ಹಚ್ಚಿದೆ."

"ಆತು," ಎಂದು ಇಟ್ಟುಬಿಟ್ಟೆ. ನನ್ನ ಮೊದಲ ಯೋಚನೆ ಏನಿತ್ತು ಗೊತ್ತೇ? ಇವನೇ ಕಲಬೆರಕೆ ಮಾಡಿ ಹೋಗಿದ್ದಾನೆ, ಬಡ್ಡಿಮಗ! ಮರುದಿನ ಬೆಳಿಗ್ಗೆಯೇ ಹೋಗಿ ಒಂದೊಂದೇ ಶೀಶೆ ನೋಡಿದೆ. ಕೆಟ್ಟದ್ದು ಮೂರನೇ ಟ್ರೇಯ ಎರಡು ಶೀಶೆ ಮಾತ್ರ. ಅವುಗಳಿಗೆ ಹೆಣ್ಣು ಆರಿಸಿದ ದಿನ ನನ್ನ ವಹಿಯಲ್ಲೇ ಇತ್ತು: ನಾನೇ ಹತ್ತು ಗಂಟೆ ಬಿಟ್ಟು ಆರಿಸಿದ್ದೆ. ಇನ್ನೊಂದು ವಾರ ಕಳೆದಿದ್ದರೆ ಅವನ್ನೇ ಉಳಿದ ಟ್ರೇಗಳಿಗೂ ಕೂಡಿಸುತ್ತಿದ್ದೆ, ನನ್ನ ಪಿಎಚ್.ಡಿ. ಆ ಕರೀ ಕೆಸರಿಗೆ ಸೇರುತ್ತಿತ್ತು. ಎರಡೂ ಶೀಶೆಗಳನ್ನು ಸ್ಪಿರಿಟ್‌ಗೆ ತಟ್ಟಿದೆ. ಅವನಿಗೆ ಫೋನ್ ಮಾಡಲಿಲ್ಲ.

ಅವನು ಹುಡುಕಿದ ಪ್ರಶ್ನೆ, ಅವನು ಉಳಿಸಿಕೊಟ್ಟ ತಳಿ. ಮುಂದಿನ ವರ್ಷ ಲೇಖನ ಸಿದ್ಧವಾಯಿತು. ಕಳಿಸುವ ಮುಂಚೆ ಗೈಡ್ ಕೇಳಿದರು, "ಆ ಹುಡುಗನ ಹೆಸರು ಸೇರಿಸಬೇಕಾ? ನಿನ್ನಿಷ್ಟ."

"ಬೇಡ ಸರ್," ಎಂದೆ.

ಲೇಖನದ ಮೇಲೆ ಎರಡೇ ಹೆಸರಿವೆ. ಮೊದಲನೆಯದು ನನ್ನದು.