ಹಂಚಿಗೆ ಬೀಳದ ರೊಟ್ಟಿ

ವೆಬ್‌ಸೈಟು ಮಾಡುವುದರಲ್ಲಿ ದಾಂಡೇಲಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಊರಲ್ಲಿ ಆ ಕೆಲಸ ಮಾಡುತ್ತಿದ್ದವಳು ನಾನೊಬ್ಬಳೇ ಎಂಬುದು ಬೇರೆ ಮಾತು.

ನನ್ನ ಕಂಪ್ಯೂಟರ್ ಕ್ಲಾಸಿಗೆ ಒಂದು ದಿನ ಪಕ್ಕದ ಓಣಿಯ ಕಾಕು ಬಂದರು; ಚಿಕ್ಕಮ್ಮನೆಂಬ ಸಲಿಗೆಯಲ್ಲಿ ಎಲ್ಲರಿಗೂ ಅವರು ಕಾಕು. ಕಾಗದದ ಮಿಲ್ಲಿನಲ್ಲಿದ್ದ ಗಂಡ ತೀರಿಕೊಂಡ ಮೇಲೆ ಆ ಓಣಿಯ ಸ್ವಂತ ಮನೆಯಲ್ಲಿ ಎರಡು ಕೋಣೆಗಳನ್ನು ಪ್ರವಾಸಿಗರಿಗೆಂದು ಸಜ್ಜು ಮಾಡಿದ್ದರು. ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಈ ಸಲವೂ ಹೀಗೇ ಆದರೆ ಮನೆಗೆ ಬೀಗ ಹಾಕಿ ಧಾರವಾಡದ ತನ್ನ ಮನೆಗೆ ಬಾ ಎಂದು ಅವರ ಅಣ್ಣ ಹಟ ಹಿಡಿದಿದ್ದ. ಅತ್ತಿಗೆಯ ಅಡುಗೆಮನೆಯಲ್ಲಿ ಅವಳ ಮರ್ಜಿ ಕಾಯುತ್ತ ಕೂರುವುದು ಕಾಕುಗೆ ಬೇಡವಾಗಿತ್ತು.

“ಬಾಜೂದವರ ವೆಬ್‌ಸೈಟಿನ್ಯಾಗ ಹುಲಿ ಬಾಯಿ ತಗೀತೈತಿ ಟೀಚರ್. ನನಗೂ ಒಂದು ಹುಲಿ ಹಾಕಿ ಕೊಡ್ರಿ.”

“ಬಂದವರು ಹುಲಿ ಎಲ್ಲೈತಿ ಅಂದ್ರ ಏನ್ ತೋರಸ್ತೀರಿ ಕಾಕೂ? ನಿಮ್ಮ ಮನ್ಯಾಗ ಇರೂದನ್ನ ಕುಣಸೂಣು.”

ಪರಿಚಯದ ಸ್ಟುಡಿಯೋದಿಂದ ಡಿಜಿಟಲ್ ಕ್ಯಾಮೆರಾ ಕಡ ತಂದು, ಅವರು ಜೋಳದ ರೊಟ್ಟಿ ಬಡಿಯುವಾಗ ಬರೀ ಕೈಗಳ ಫೋಟೋ ತೆಗೆದೆ. ಕೈ ಮೇಲೆ, ಕೈ ಕೆಳಗೆ, ರೊಟ್ಟಿ ತಿರುವಿದ್ದು. ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಪೋಣಿಸಿದಾಗ ಪರದೆಯ ಮೇಲೆ ಕೈಗಳು ರೊಟ್ಟಿ ಬಡಿಯತೊಡಗಿದವು. ನನಗೇ ನನ್ನ ಮೇಲೆ ಹೆಮ್ಮೆ ಉಕ್ಕಿತು.

ಕಾಕು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಸಿಡುಕಿದರು: “ಎಷ್ಟಂತ ಬಡೀಲಿ? ಹಂಚಿಗೆ ಹಾಕೂದ ಇಲ್ಲಲ್ಲ! ನೋಡಿದ ಮಂದಿ ಉಪಾಸ ಕೂಡಬೇಕೇನು?”

ಅದು ಹಾಗೇ ಸುತ್ತುತ್ತಿರುತ್ತದೆ ಎಂದು ವಾದಿಸಿದೆ. ಅವರು ಬಗ್ಗಲಿಲ್ಲ. ಕೊನೆಗೆ ನನಗೇ ನಗು ಬಂತು. ಹಂಚಿನ ಮೇಲಿನ ರೊಟ್ಟಿ, ಉಬ್ಬಿದ ರೊಟ್ಟಿ, ಬದನೆಕಾಯಿ ಪಲ್ಯದ ಜೊತೆ ತಟ್ಟೆಗೆ ಬಂದ ರೊಟ್ಟಿ, ಎಲ್ಲ ಸೇರಿಸಿದೆ. ತಟ್ಟೆ ಬಂದೊಡನೆ ಚಿತ್ರ ನಿಲ್ಲುವಂತೆ ಮಾಡಿದೆ. ಫೋನ್ ಲೈನಿನ ಇಂಟರ್‌ನೆಟ್ಟು ಅಷ್ಟು ಭಾರ ಹೊರುವುದಿಲ್ಲವೆಂದು ಚಿತ್ರವನ್ನು ಬೆಂಕಿಪೊಟ್ಟಣದಷ್ಟಕ್ಕೆ ಇಳಿಸಿದೆ.

ಮಳೆ ನಿಂತ ಮೇಲೆ ಪುಣೆಯಿಂದ ಒಂದು ಕುಟುಂಬ ಕಾಕು ಮನೆಗೆ ಬಂದಿಳಿಯಿತು. ಚೀಲ ಕೆಳಗಿಡುವ ಮೊದಲೇ ಅವರು ಕೇಳಿದ್ದು ಆ ರೊಟ್ಟಿಯನ್ನು. ನಾನೂ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಧಾರವಾಡದ ಅಣ್ಣನದು: ಯಾವಾಗ ಹೊರಡುತ್ತೀ?

ಕಾಕು ಹಿಟ್ಟಿನ ಕೈಯಲ್ಲೇ ರಿಸೀವರ್ ಹಿಡಿದು ಹೇಳಿದರು: “ಹಂಚಿನ ಮ್ಯಾಲೆ ರೊಟ್ಟಿ ಐತಿ ಅಣ್ಣಾ, ಫೋನ್ ಇಡ್ತೇನಿ.”