ಮೆಟ್ರೋದಲ್ಲಿ ಸಿಕ್ಕ ಮದುಮಗಳು

ದಿಲ್‌ಸುಖ್‌ನಗರದ ಅಂಬುಬಾಯಿಗೆ ಬಾಯಿ ಮುಚ್ಚಿಕೊಂಡು ಪ್ರಯಾಣ ಮಾಡಿ ಗೊತ್ತಿರಲಿಲ್ಲ. ಶಹಾಪುರದಿಂದ ಗಂಡನ ಹಿಂದೆ ಹೈದರಾಬಾದಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಮನೆಯಲ್ಲೇ ಕೂತು ಸೀರೆಗೆ ಫಾಲ್ ಹಚ್ಚುತ್ತ, ರವಿಕೆ ಸಡಿಲಿಸಿಕೊಡುತ್ತ ಬಂದವಳು ತೆಲುಗು, ಹಿಂದಿಯನ್ನೆಲ್ಲ ಕಲಿತದ್ದು ಗುರುತಿಲ್ಲದವರ ಬಾಯಿಂದಲೇ. ಎರಡೂ ಅರೆಬರೆ ಬರುತ್ತಿದ್ದವು, ಮಾತು ಮಾತ್ರ ಎಲ್ಲೂ ನಿಂತದ್ದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಊರು, ಸೊಂಟನೋವು, ಸೊಸೆಯ ಬಾಣಂತನ, ಇಳಿಯುವಷ್ಟರಲ್ಲಿ ಎಲ್ಲವೂ ಅವಳಿಗೆ ಗೊತ್ತಾಗಿರುತ್ತಿತ್ತು.

ಮೆಟ್ರೋ ಬಂದ ಮೇಲೆ ಅವಳಿಗೆ ಕಷ್ಟಕಾಲ ಶುರುವಾಯಿತು. ಡಬ್ಬಿಯ ತುಂಬ ಜನ, ಎಲ್ಲರ ಮುಖವೂ ಫೋನಿನೊಳಗೆ. ಊಟ ಆಯಿತೇ ಎಂದು ಕೇಳಿದರೆ ಕಿವಿಯಿಂದ ಬಿಳಿ ಗುಂಡಿಯೊಂದನ್ನು ಕಿತ್ತು "ಹಾಂ?" ಎನ್ನುತ್ತಿದ್ದರು, ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗಳು ರಶ್ಮಿಗಂತೂ ಅಜ್ಜಿಯ ಜೊತೆ ಹೊರಟರೆ ತಲೆ ಎತ್ತಲಾಗುತ್ತಿರಲಿಲ್ಲ. ಆ ದಿನ ಲೈನಿಂಗ್ ಬಟ್ಟೆ ತರಲು ಸುಲ್ತಾನ್ ಬಜಾರಿಗೆ ಹೊರಟಾಗ ಅವಳು ಮೊದಲೇ ಹೇಳಿದಳು: "ಆಯಿ, ಇವತ್ತೊಂದಿನ ಯಾರ ಜೋಡಿನೂ ಮಾತಾಡಬ್ಯಾಡ."

ಅಂಬುಬಾಯಿ ಒಪ್ಪಿದಳು. ಎರಡು ನಿಲ್ದಾಣ ದಾಟುವವರೆಗೆ ನಿಜವಾಗಿಯೂ ಸುಮ್ಮನಿದ್ದಳು.

ಮಲಕ್‌ಪೇಟೆಯಲ್ಲಿ ಒಬ್ಬ ಹುಡುಗಿ ಓಡುತ್ತ ಹತ್ತಿದಳು. ಕೆಂಪು ರೇಷ್ಮೆ ಸೀರೆ, ಹಣೆಗೆ ಬಾಸಿಂಗ, ಕೈತುಂಬ ಮದರಂಗಿ. ಎದುರಿನ ಸೀಟಿನಲ್ಲಿ ಕೂತು ಫೋನ್ ಒತ್ತತೊಡಗಿದಳು. ಮಹಿಳೆಯರ ಡಬ್ಬಿಯಲ್ಲಿ ಒಬ್ಬರೂ ಅವಳನ್ನು ಏನೆಂದು ಕೇಳಲಿಲ್ಲ. ಕದ್ದು ನೋಡಿದರು, ತಮ್ಮ ಫೋನಿಗೆ ಮರಳಿದರು. ಅಂಬುಬಾಯಿಯ ಕಣ್ಣು ಮಾತ್ರ ರವಿಕೆಯ ಮೇಲೆ ನಿಂತಿತು. ಬಲತೋಳಿನ ಹೊಲಿಗೆ ಕಂಕುಳಿನಿಂದ ಮೊಳಕೈವರೆಗೆ ಬಿಟ್ಟುಕೊಂಡಿತ್ತು.

"ರಶ್ಮಿ, ನಾ ಇನ್ನ ತಡಕೊಳ್ಳಾಂಗಿಲ್ಲ ನೋಡವಾ," ಎಂದವಳೇ ಎದ್ದು ಹೋದಳು.

ಹುಡುಗಿಯ ಹೆಸರು ಗಗನ. ಅಮೀರ್‌ಪೇಟೆಯ ಕಲ್ಯಾಣ ಮಂಟಪದಲ್ಲಿ ಇನ್ನು ಮುಕ್ಕಾಲು ಗಂಟೆಯಲ್ಲಿ ಅವಳದೇ ಮದುವೆಯ ಮುಹೂರ್ತ. ಅಪ್ಪ ಅಮ್ಮನ ಜೊತೆ ಬರುತ್ತಿದ್ದ ಕಾರು ಟ್ರಾಫಿಕ್ಕಿನಲ್ಲಿ ಅಲುಗದೆ ನಿಂತದ್ದಕ್ಕೆ ಇವಳೊಬ್ಬಳೇ ಇಳಿದು ಓಡಿಬಂದಿದ್ದಳು. ರವಿಕೆಯ ತೋಳು ಬಿಟ್ಟುಕೊಂಡದ್ದು ಅವಳಿಗೆ ಗೊತ್ತಾದದ್ದೇ ಅಂಬುಬಾಯಿ ತೋರಿಸಿದಾಗ. ಅಳುವುದೊಂದು ಬಾಕಿ.

ಅಂಬುಬಾಯಿ ಚೀಲದಿಂದ ಸೂಜಿ ತೆಗೆದಳು. ಇದ್ದದ್ದು ಗಿಳಿಹಸಿರು ದಾರ. ಕೆಂಪು ದಾರ ಯಾರ ಬಳಿ ಇದೆ ಎಂದು ಡಬ್ಬಿಗೆಲ್ಲ ಕೇಳುವಂತೆ ವಿಚಾರಿಸಿದಳು. ತಲೆಗಳು ಒಂದೊಂದಾಗಿ ಮೇಲೆದ್ದವು. ದಾರ ಯಾರಲ್ಲೂ ಇರಲಿಲ್ಲ, ಆದರೆ ಬ್ಯಾಂಕಿನ ಕೆಲಸದವಳೊಬ್ಬಳು ಪಿನ್ನು ಕೊಟ್ಟಳು, ಬುರ್ಖಾ ತೊಟ್ಟ ಹಿರಿಯಳೊಬ್ಬಳು ದುಪಟ್ಟಾ ಹಿಡಿದು ಮರೆ ಮಾಡಿದಳು, ಇಬ್ಬರು ಹುಡುಗಿಯರು ಫೋನಿನ ಟಾರ್ಚ್ ಹಚ್ಚಿದರು. ಹಸಿರೇ ಸರಿ ಎಂದಾಯಿತು.

"ಕದಲಕು ಬಿಡ್ಡಾ," ಅಲುಗಾಡಬೇಡ ಎಂದು ತನ್ನ ತೆಲುಗಿನಲ್ಲಿ ಗದರಿ ಅಂಬುಬಾಯಿ ಹೊಲಿಯತೊಡಗಿದಳು. ತಿರುವು ಬಂದಾಗ ಸೂಜಿ ಮೇಲೆತ್ತಿ, "ಹಿಡೀರಿ" ಎನ್ನುವಳು. ಐದಾರು ಕೈಗಳು ಮದುಮಗಳನ್ನು ಹಿಡಿಯುವವು. ರಶ್ಮಿಯನ್ನು ಬಿಟ್ಟರೆ ಕನ್ನಡ ಯಾರಿಗೂ ಬರುತ್ತಿರಲಿಲ್ಲ, ಆದರೂ ಎಲ್ಲರಿಗೂ ಅರ್ಥವಾಯಿತು. ಯಾರೋ ಕಿಸಕ್ಕನೆ ನಕ್ಕರು. ಆ ನಗು ಸೀಟಿನಿಂದ ಸೀಟಿಗೆ ಹತ್ತಿ ಕೊನೆಗೆ ಗಗನಳಿಗೂ ತಾಗಿತು, ಬಾಸಿಂಗ ಜಾರಿತು. ಅದನ್ನು ಕಟ್ಟಿದವಳು ರಶ್ಮಿ. ಸುಲ್ತಾನ್ ಬಜಾರಿಗೆ ಇಳಿಯಬೇಕಾದ ನಿಲ್ದಾಣ ಹಿಂದೆ ಹೋದದ್ದು ಅಜ್ಜಿ ಮೊಮ್ಮಗಳಿಬ್ಬರಿಗೂ ತಿಳಿಯಲೇ ಇಲ್ಲ. ಅಂಬುಬಾಯಿ ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕತ್ತರಿಸಿದಾಗ ಡಬ್ಬಿಯೆಲ್ಲ ಚಪ್ಪಾಳೆ ತಟ್ಟಿತು.

ಮದುಮಗಳು ಮದುವೆಗೆ ಒಬ್ಬಳೇ ಹೋಗಬಾರದೆಂದು ಡಬ್ಬಿಯವರೇ ತೀರ್ಮಾನಿಸಿ, ಏಳು ಜನ ಅವಳ ಜೊತೆ ಅಮೀರ್‌ಪೇಟೆಯಲ್ಲಿ ಇಳಿದರು. ಮಂಟಪದ ಬಾಗಿಲಲ್ಲಿ ಗಂಡಿನ ಕಡೆಯವರು ಇವರನ್ನು ಹೆಣ್ಣಿನ ದಿಬ್ಬಣವೆಂದುಕೊಂಡು ಪನ್ನೀರು ಚಿಮುಕಿಸಿದರು. ಬೆವರುತ್ತ ತಡವಾಗಿ ಬಂದ ಗಗನಳ ತಾಯಿ ಇವರನ್ನು ಬೀಗರ ಕಡೆಯವರೆಂದು ತಿಳಿದು, ಮುಂದಿನ ಸಾಲಿನಲ್ಲಿ ಕೂರಿಸಿ, ಅಂಬುಬಾಯಿಯ ಕಾಲಿಗೇ ನಮಸ್ಕಾರ ಮಾಡಿದಳು. ಅಂಬುಬಾಯಿ ನಗು ನುಂಗಿಕೊಂಡು ಅವಳ ತಲೆಯ ಮೇಲೆ ಕೈಯಿಟ್ಟಳು.

ಗಗನಳ ಕೊರಳಿಗೆ ತಾಳಿ ಬಿದ್ದಿತು. ಮದುಮಗಳ ಕೆಂಪು ತೋಳಿನ ಮೇಲೆ ಗಿಳಿಹಸಿರು ಗೆರೆ ದೂರಕ್ಕೂ ಕಾಣುತ್ತಿತ್ತು. ಇದು ಹೊಸ ಫ್ಯಾಷನ್ನೇ ಎಂದು ಪಕ್ಕದವಳು ಕೇಳಿದ್ದಕ್ಕೆ ಅಂಬುಬಾಯಿ ಗಂಭೀರವಾಗಿ ಹೌದೆಂದಳು, ಹೊಲಿಸಬೇಕಿದ್ದರೆ ತನ್ನ ಮನೆಗೆ ಬರಲು ವಿಳಾಸವನ್ನೂ ಹೇಳಿದಳು.

ಊಟದ ಪಂಕ್ತಿಯಲ್ಲಿ ರಶ್ಮಿ ಎಲೆ ಬಿಟ್ಟು ತಿರುಗಿ ಕೂತಿದ್ದಳು. ಪಕ್ಕದ ಬುರ್ಖಾದ ಹಿರಿಯಳನ್ನು, ಅವಳ ಮಗಳಿಗೆ ಹೆರಿಗೆ ಯಾವಾಗ ಎಂದು ಕೇಳುತ್ತಿದ್ದಳು.

"ಲಾಡು ತಿನ್ನಬೇ ಮೊದಲ," ಎಂದಳು ಅಂಬುಬಾಯಿ.

"ಒಂದ್ ನಿಮಿಷ ತಡಿ ಆಯಿ, ಮಾತಾಡಾಕತ್ತೀನಿ," ಎಂದಳು ರಶ್ಮಿ.