ರಿಲೇ ಮೇಲೊಂದು ಕುಂಕುಮದ ಬೊಟ್ಟು

ಬೆಳಗಿನ ಐದೂಮುಕ್ಕಾಲು. ಪೀಣ್ಯ ಎರಡನೇ ಹಂತದ ಹಿಂದಿನ ರಸ್ತೆಯಲ್ಲಿ ಮಲಕವ್ವನ ಹಿಟ್ಟಿನ ಗಿರಣಿಯ ಷಟರ್ ಅರ್ಧ ಮೇಲೆದ್ದಿದೆ. ಎಲೆಕ್ಟ್ರಿಷಿಯನ್ ಕೊಟ್ರಪ್ಪ ಬಗ್ಗಿ ಒಳಗೆ ಹೋಗಿ, ಯಾರನ್ನೂ ಮಾತಾಡಿಸದೆ ನೇರವಾಗಿ ಮೋಟಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಮೂಗು ಹತ್ತಿರ ತಂದು ವಾಸನೆ ನೋಡುತ್ತಾರೆ. ಗಿರಣಿ ಶುರುವಾದ ಮೇಲೆ ಇಕ್ಕಳದಂಥ ಟಾಂಗ್ ಟೆಸ್ಟರನ್ನು ಮೂರು ವೈರುಗಳಿಗೂ ಒಂದೊಂದಾಗಿ ತೊಡಿಸಿ, ಮೋಟಾರು ಎಷ್ಟು ಕರೆಂಟು ಎಳೆಯುತ್ತಿದೆಯೆಂದು ಓದುತ್ತಾರೆ. "ಹತ್ತು, ಹತ್ತು, ಹತ್ತೂ ಚಿಲ್ರಿ. ಆರಾಮ ಐತಿ ನೋಡ್ರಿ," ಎನ್ನುವಾಗ ಅವರ ದನಿಯಲ್ಲಿ ಮಗುವಿನ ಜ್ವರ ಬಿಟ್ಟಿತೆಂದು ಹೇಳುವವರ ನೆಮ್ಮದಿ.

ಗೋಡೆಯ ಸ್ಟಾರ್ಟರ್ ಡಬ್ಬಿಯೊಳಗೆ ಮುಷ್ಟಿಯಲ್ಲಿ ಹಿಡಿಸುವಷ್ಟು ಸಣ್ಣದೊಂದು ಎಲೆಕ್ಟ್ರಾನಿಕ್ ಓವರ್‌ಲೋಡ್ ರಿಲೇ ಇದೆ. ಮೋಟಾರಿಗೆ ಹೋಗುವ ಮೂರೂ ಫೇಸಿನ ಕರೆಂಟನ್ನು ಅದು ಸದಾ ಅಳೆಯುತ್ತಿರುತ್ತದೆ. ಕಲ್ಲಿಗೆ ಜೋಳ ಹೆಚ್ಚಾಗಿ ಮೋಟಾರು ತಾಕತ್ತು ಮೀರಿ ಎಳೆಯತೊಡಗಿದರೆ ಸ್ವಲ್ಪ ಹೊತ್ತು ತಾಳಿಕೊಂಡು ನೋಡುತ್ತದೆ, ಇಳಿಯದಿದ್ದರೆ ಮೋಟಾರನ್ನು ನಿಲ್ಲಿಸುತ್ತದೆ. ಒಂದು ಫೇಸ್ ಕೈಕೊಟ್ಟರಂತೂ ಮೂರ್ನಾಲ್ಕು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ. ಏಕೆಂದರೆ ಆಗ ಪೂರ್ತಿ ಭಾರ ಉಳಿದ ಎರಡರ ಮೇಲೆ ಬಿದ್ದು, ಒಳಗಿನ ತಾಮ್ರದ ಸುತ್ತುಗಳು ಕೆಲವೇ ನಿಮಿಷಗಳಲ್ಲಿ ಕರಕಲಾಗುತ್ತವೆ. ಹಳೆಯ ರಿಲೇಗಳಲ್ಲಿ ಲೋಹದ ಪಟ್ಟಿ ಕಾದು ಬಾಗಿದ ಮೇಲೆಯೇ ಮೋಟಾರು ನಿಲ್ಲುತ್ತಿತ್ತು. ಅಷ್ಟರಲ್ಲಿ ಎಷ್ಟೋ ಸಲ ಕೆಲಸ ಕೆಟ್ಟಿರುತ್ತಿತ್ತು.

ನಲವತ್ನಾಲ್ಕು ವಯಸ್ಸಿನ ಕೊಟ್ರಪ್ಪ ಇಂಥ ನಲವತ್ಮೂರು ಶೆಡ್ಡುಗಳನ್ನು ತಿಂಗಳಿಗೆರಡು ಸಲ ಸುತ್ತುತ್ತಾರೆ. ಹಳೆಯ ಮೊಪೆಡ್ಡು, ಹೆಗಲ ಚೀಲ, ಮೆಟ್ರೋ ಕಂಬಗಳ ಅಡಿಯ ಧೂಳು. ಬೆಳಿಗ್ಗೆ ಮೂರು ನಾಲ್ಕು ಕಡೆ ನೋಡಿಕೊಂಡು, ಎಂಟೂವರೆಗೆ ತಾವು ಕೆಲಸಕ್ಕಿರುವ ಜಾಲಹಳ್ಳಿ ಕ್ರಾಸಿನ ಕಾರ್ಖಾನೆಯ ಗೇಟಿನಲ್ಲಿರಬೇಕು. ಮೊದಲು ಈ ಶೆಡ್ಡುಗಳಲ್ಲಿ ತಿಂಗಳಿಗೆ ಐದಾರು ಮೋಟಾರು ಸುಡುತ್ತಿದ್ದವು, ಈ ವರ್ಷ ಇಲ್ಲಿಯವರೆಗೆ ಸುಟ್ಟಿದ್ದು ಎರಡೇ. "ಸುಟ್ಟ ಮೋಟ್ರು ನೋಡಾಕ ಬೀದಿ ಮಂದಿ ಎಲ್ಲಾ ಬರ್ತಾರ. ಸುಡದ ಇದ್ದದ್ದನ್ನ ನೋಡಾಕ ಯಾರ್ ಬರ್ತಾರ ಹೇಳ್ರಿ?" ಎಂದು ನಗುತ್ತಾರೆ.

ಕೂಡ್ಲಿಗಿ ಕಡೆಯ ಊರಿನಿಂದ ಏಳನೇ ಕ್ಲಾಸು ಓದಿ ಬಂದವರು ಕೊಟ್ರಪ್ಪ. ತೊಂಬತ್ತನಾಲ್ಕರಲ್ಲಿ ಪ್ರೆಸ್ ಮಷಿನಿನ ಶೆಡ್ಡೊಂದರಲ್ಲಿ ಹೆಲ್ಪರಾಗಿ ಸೇರಿದರು. ಅಲ್ಲಿ ರಿಲೇ ಆಗಾಗ ಬೀಳುತ್ತಿತ್ತು, ಅಂದರೆ ಮೋಟಾರನ್ನು ನಿಲ್ಲಿಸಿಬಿಡುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಂಬಿದ್ದ ಸೂಪರ್‌ವೈಸರು ಒಂದು ಮಧ್ಯಾಹ್ನ, "ಸಂಜೆವರೆಗೆ ಓಡಿಸಿಬಿಡು" ಎಂದ. ಕೊಟ್ರಪ್ಪ ಒಂದು ತುಂಡು ವೈರಿನಿಂದ ರಿಲೇಯನ್ನೇ ಬದಿಗೆ ಸರಿಸಿ, ಮೋಟಾರಿಗೆ ಡೈರೆಕ್ಟ್ ಕೊಟ್ಟರು. ನಲವತ್ತು ನಿಮಿಷ ಓಡಿತು. ಆಮೇಲೆ ಹೊಗೆ ಬಂತು.

ಶೆಡ್ಡು ಹನ್ನೊಂದು ದಿನ ಮುಚ್ಚಿತು, ಇಪ್ಪತ್ತಾರು ಜನ ಕೆಲಸವಿಲ್ಲದೆ ಮನೆಯಲ್ಲಿ ಕುಳಿತರು. ಮಾಲೀಕರು ಕೊಟ್ರಪ್ಪನನ್ನು ಕರೆಸಿ ಕೇಳಿದಾಗ ಹಿರಿಯ ಎಲೆಕ್ಟ್ರಿಷಿಯನ್ ನಲ್ಲಪ್ಪ ಎದ್ದು ನಿಂತು, "ಹುಡುಗಂದೇನಿಲ್ಲ ಸಾರ್, ನಾನೇ ಹೇಳಿ ಮಾಡಿಸ್ದೆ" ಎಂದುಬಿಟ್ಟರು. ಮೋಟಾರು ಸುಟ್ಟ ದಿನ ನಲ್ಲಪ್ಪ ಶೆಡ್ಡಿನಲ್ಲೇ ಇರಲಿಲ್ಲ. ಸಂಜೆ ಟೀ ಅಂಗಡಿಯಲ್ಲಿ ಕೊಟ್ರಪ್ಪ ಅಳತೊಡಗಿದಾಗ ಅವರು ಹೇಳಿದ್ದು ಇಷ್ಟೇ: "ರಿಲೇ ಬಿದ್ರೆ ಬೈಬೇಡ ಕಣೋ. ಯಾಕೆ ಬಿತ್ತು ಅಂತ ಕೇಳು." ಮಾರನೆಯ ದಿನದಿಂದ, ಎಚ್‌ಪಿ, ಕರೆಂಟು ಎಲ್ಲ ಕೆತ್ತಿರುವ ಮೋಟಾರಿನ ಹಣೆಪಟ್ಟಿ ಓದುವುದನ್ನು ಕಲಿಸಿದರು. ಇಂಥ ಗುರು ಸಿಗುವುದು ಪುಣ್ಯವೇ ಸರಿ.

ಆ ಪಾಠ ಮಲಕವ್ವನ ಗಿರಣಿಯಲ್ಲಿ ಒರೆಗೆ ಬಿತ್ತು. ಬಾದಾಮಿ ಕಡೆಯ ಮಲಕವ್ವ ಗಂಡ ತೀರಿಕೊಂಡ ಮೇಲೆ ಹಾಕಿದ ಗಿರಣಿ ಇದು. ಸುತ್ತಲಿನ ವಠಾರಗಳ ಹದಿನಾಲ್ಕು ಹೆಂಗಸರು ಇಲ್ಲಿ ಜೋಳ ಬೀಸಿಸಿ, ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಅವರ ಹೊಟ್ಟೆಪಾಡೂ ಇದೇ ಮೋಟಾರಿನ ಮೇಲಿದೆ. ಏಳೂವರೆ ಎಚ್‌ಪಿಯ ಹಳೆಯ ಮೋಟಾರು ಆಗಲೇ ಎರಡು ಸಲ ಸುಟ್ಟು, ಎರಡು ಸಲ ಹೊಸ ತಾಮ್ರ ಸುತ್ತಿಸಿಕೊಂಡಿತ್ತು. ಮೂರನೆಯ ಸಲ ಸುಟ್ಟರೆ ಗಿರಣಿಗೆ ಬೀಗ ಹಾಕಿ ಊರಿಗೆ ಹೋಗುವುದೆಂದು ಮಲಕವ್ವ ಹೇಳಿಯೇ ಬಿಟ್ಟಿದ್ದರು. ಅದಕ್ಕೇ ಕೊಟ್ರಪ್ಪ ಹೊಸ ರಿಲೇ ಕೂರಿಸಿ, ಕರೆಂಟಿನ ಮಿತಿ ಹೇಳುವ ಅದರ ಡಯಲ್ಲನ್ನು ಹನ್ನೊಂದು ಆಂಪಿಯರಿಗೆ ತಿರುಗಿಸಿ, ಯಾರೂ ಮುಟ್ಟದಿರಲೆಂದು ಉಗುರುಬಣ್ಣದ ಗೆರೆ ಎಳೆದಿದ್ದರು.

ಮೂರು ವರ್ಷದ ಹಿಂದೆ, ಶ್ರಾವಣದ ಒಂದು ಬೆಳಿಗ್ಗೆ, ಆ ರಿಲೇ ಐದು ಸಲ ಬಿತ್ತು. ಬಾಗಿಲಲ್ಲಿ ಜೋಳದ ಡಬ್ಬಿಗಳ ಸಾಲು. ಸಿಟ್ಟಿಗೆದ್ದ ಮಲಕವ್ವ ಉಗುರುಬಣ್ಣವನ್ನು ಕೆರೆದು ಡಯಲ್ಲನ್ನು ಕೊನೆಯವರೆಗೂ ತಿರುಗಿಸಿದರು. ಆದರೂ ಬಿತ್ತು. ಓಡಿಬಂದ ಕೊಟ್ರಪ್ಪನನ್ನು ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡರು.

"ಹಳೇದೇ ಚಲೋ ಇತ್ತಲ್ಲೋ ತಮ್ಮಾ! ಇದನ್ನ ಕಿತ್ತು ಒಗಿ. ಇವತ್ತೊಂದು ದಿನ ಡೈರೆಕ್ಟ್ ಕೊಡು."

"ಅದೊಂದು ಕೇಳಬ್ಯಾಡ್ರಿ ಅಕ್ಕಾರ. ಯಾಕ ಬೀಳ್ತೈತಿ ಅಂತ ನೋಡ್ತೀನಿ. ಒಂದು ತಾಸು ಕೊಡ್ರಿ."

"ತಾಸು? ಈ ಮಂದಿಗೆ ನೀನು ರೊಟ್ಟಿ ಬಡೀತಿಯೇನು?"

ಹೆಂಗಸರು ನಕ್ಕರು. ಇಬ್ಬರು ಡಬ್ಬಿ ಎತ್ತಿಕೊಂಡು ಬೇರೆ ಗಿರಣಿಗೆ ಹೊರಟೇಹೋದರು. ಕೊಟ್ರಪ್ಪ ಕೆಲಸಕ್ಕೆ ಕೂತರು. ಬೆಲ್ಟು ನೋಡಿದರು, ಬೇರಿಂಗು ನೋಡಿದರು, ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಕೊನೆಗೆ ಮೀಟರಿನ ಪಕ್ಕದ ಫ್ಯೂಸಿನಲ್ಲಿ ತಪ್ಪು ಸಿಕ್ಕಿತು. ಒಂದು ಫೇಸಿನ ಹಿಡಿಕೆಯ ಒಳಗಡೆ ಹಿತ್ತಾಳೆ ಸುಟ್ಟು ಸಡಿಲವಾಗಿತ್ತು. ಗಿರಣಿಯ ಅದುರುವಿಕೆಗೆ ಒಮ್ಮೆ ತಾಗುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಪ್ರತಿ ಸಲ ಬಿಟ್ಟಾಗಲೂ ರಿಲೇ ಮೋಟಾರನ್ನು ನಿಲ್ಲಿಸಿ ಉಳಿಸಿತ್ತು. ಫೇಸ್ ಹೋದರೆ ಡಯಲ್ಲು ಎಲ್ಲಿದ್ದರೂ ಅದು ನಿಲ್ಲಿಸಿಯೇ ತೀರುತ್ತದೆ.

ಕರಿ ಹಿಡಿದ ಹಿತ್ತಾಳೆಯನ್ನು ಕೈಯಲ್ಲಿಟ್ಟಾಗ ಮಲಕವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಡೈರೆಕ್ಟ್ ಕೊಟ್ಟಿದ್ರ?" ಎಂದು ಕೇಳಿದರು. "ಈ ಹೊತ್ತಿಗೆ ಹೊಗಿ ಬರ್ತಿತ್ರಿ," ಎಂದರು ಕೊಟ್ರಪ್ಪ. ಹೊಸ ಫ್ಯೂಸು ಹಾಕಿ, ಡಯಲ್ಲನ್ನು ಮತ್ತೆ ಹನ್ನೊಂದಕ್ಕೆ ತಂದದ್ದಾಯಿತು. ಮಲಕವ್ವ ದೇವರ ಗೂಡಿನಿಂದ ಕುಂಕುಮ ತಂದು, ಬೆರಳು ಒದ್ದೆ ಮಾಡಿಕೊಂಡು, ಡಯಲ್ಲಿನ ಗುರುತಿನ ಮೇಲೆ ಒಂದು ಬೊಟ್ಟಿಟ್ಟರು. "ಇನ್ನ ಯಾರು ಮುಟ್ತಾರೋ ನೋಡ್ತೀನಿ. ನಾನೂ ಮುಟ್ಟಂಗಿಲ್ಲ!"

ಕೊಟ್ರಪ್ಪನ ಕಣ್ಣು ತೆರೆಸಿದ್ದು ಈ ಬೊಟ್ಟು. ಬಣ್ಣ ಬಳಿದರೆ ಕೆರೆಯುತ್ತಾರೆ, ಟೇಪು ಸುತ್ತಿದರೆ ಕೀಳುತ್ತಾರೆ, ಕುಂಕುಮ ಅಳಿಸುವ ಕೈ ಮಾತ್ರ ಪೀಣ್ಯದಲ್ಲಿಲ್ಲ. ಈಗ ನಲವತ್ಮೂರು ಶೆಡ್ಡಿನಲ್ಲೂ ಕರೆಂಟು ಆಫ್ ಮಾಡಿ, ಡಯಲ್ ಹೊಂದಿಸಿ, ಶೆಡ್ಡಿನ ಮಾಲೀಕರ ಕೈಯಿಂದಲೇ ಬೊಟ್ಟಿಡಿಸುತ್ತಾರೆ. ಭಕ್ತಿ ಉಕ್ಕಿದ ಒಬ್ಬ ಮಾಲೀಕರು ತೆಂಗಿನಕಾಯಿಯ ನೀರನ್ನೂ ಪ್ರೋಕ್ಷಿಸಲು ಹೋದಾಗ ಕೈ ಹಿಡಿದು ತಡೆದಿದ್ದಾರೆ. "ಬುದ್ಧಿ ಅಕ್ಕಾರದು, ಹೆಸರು ನಂದು," ಎನ್ನುತ್ತಾರೆ ಕೊಟ್ರಪ್ಪ.

ಕಳೆದ ಆಯುಧಪೂಜೆಯಲ್ಲಿ ಮಲಕವ್ವ ಮೊದಲು ರಿಲೇಗೆ, ಆಮೇಲೆ ಮೋಟಾರಿಗೆ, ಕಲ್ಲಿಗೆ ಬೊಟ್ಟಿಟ್ಟು, "ತಮ್ಮಾ, ನಿನ್ನ ಟೆಸ್ಟರ್ ತಾ ಇಲ್ಲಿ" ಎಂದು ಕೈಚಾಚಿದರಂತೆ. ಆ ಕುಂಕುಮ ಟೆಸ್ಟರಿನ ಹಿಡಿಯ ಮೇಲೆ ಇನ್ನೂ ಮಾಸಲಾಗಿ ಉಳಿದಿದೆ. ಕೊಟ್ರಪ್ಪ ಅದನ್ನು ಒರೆಸದೆ, ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಡುತ್ತಾರೆ.

ಹೊರಗೆ ಬೆಳಕಾಗಿದೆ. ಹೆಂಗಸರು ಬಿಸಿ ಹಿಟ್ಟಿನ ಡಬ್ಬಿ ಹೊತ್ತು ಹೊರಡುತ್ತಿದ್ದಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಕೊಟ್ರಪ್ಪ ಮೊಪೆಡ್ಡಿನ ಸೀಟು ಒರೆಸುತ್ತ ಗಿರಣಿಯ ಕಡೆ ತಿರುಗುತ್ತಾರೆ.

"ನಲ್ಲಪ್ಪನೋರು ಆನೇಕಲ್ಲಿನಾಗ ಮಗಳ ಮನ್ಯಾಗ ಅದಾರ. ಕಣ್ಣು ಅಷ್ಟಾಗಿ ಕಾಣಂಗಿಲ್ಲ. ನಾ ಸುಟ್ಟ ಮೋಟ್ರಿನ ಮಾತು ಇವತ್ತಿನ ತನಕ ಎತ್ತಿಲ್ಲ ಅವರು. ಒಂದು ದಿನ ಕರ್ಕೊಂಡು ಬಂದು ಈ ಮೋಟ್ರಿನ ಮುಂದ ಕುಂದ್ರಿಸಬೇಕ್ರಿ. ನಾ ಏನೂ ಹೇಳಂಗಿಲ್ಲ. ಸದ್ದು ಕೇಳಿದ್ರ ಸಾಕು, ಅವರಿಗೆ ತಿಳೀತೈತಿ."